ಶೆಡ್ಡಿನಲ್ಲಿ ನಾಲ್ಕು ವರ್ಷ ನಿಂತ ಸ್ಪೋರ್ಟ್ಸ್ ಕಾರು ಕನ್ಯಾಕುಮಾರಿಗೆ ಹೋಗಿಬಂದೀತೇ?

ಪ್ರಶ್ನೆ: ನಾನು ಗಂಗಾವತಿಯವನು, ಮನೆಯವರದು ಅಕ್ಕಿ ಗಿರಣಿ. ಕಳೆದ ವರ್ಷ ಬಳ್ಳಾರಿಯ ಒಬ್ಬರಿಂದ 2007ರ ಪೋರ್ಷೆ ಬಾಕ್ಸ್‌ಸ್ಟರ್ ಕೊಂಡೆ. 2.7 ಲೀಟರ್ ಎಂಜಿನ್, ಮ್ಯಾನುಯಲ್ ಗೇರು, ಓಡಿದ್ದು 41,000 ಕಿ.ಮೀ. ಕೊಳ್ಳುವ ಮುಂಚೆ ಕಾರು ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ನನ್ನ ಕೈಗೆ ಬಂದ ಮೇಲೂ ಆರುನೂರು ಕಿ.ಮೀ. ದಾಟಿಲ್ಲ. ದೀಪಾವಳಿ ಮುಗಿದ ಮೇಲೆ ನಾನೂ ನನ್ನ ಹೆಂಡತಿಯೂ ಅಂಕೋಲಾ, ಮಂಗಳೂರು, ಕೊಚ್ಚಿ ಮಾರ್ಗವಾಗಿ ಕನ್ಯಾಕುಮಾರಿ ತಲುಪಿ, ಮಧುರೈ, ಬೆಂಗಳೂರು ಮೇಲೆ ಮರಳಬೇಕೆಂದಿದ್ದೇವೆ. ಈ ಎಂಜಿನ್ನಿನ ಒಳಗಿನ ಒಂದು ಬೇರಿಂಗ್ ಯಾವಾಗ ಬೇಕಾದರೂ ಒಡೆಯುತ್ತದೆ, ಎಂಜಿನ್ ಇಳಿಸಿ ಅದನ್ನು ಬದಲಿಸದೆ ಹೊರಡಬೇಡ ಎಂದು ಬೆಂಗಳೂರಿನ ಗೆಳೆಯರೊಬ್ಬರು ಹೇಳುತ್ತಾರೆ. ಇಲ್ಲಿನ ಮೆಕ್ಯಾನಿಕ್, ಬೇರಿಂಗಿನ ಗೊಡವೆ ಬೇಡ, ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಕಿತ್ತುಹಾಕಿ 20ಡಬ್ಲ್ಯೂ-50 ಆಯಿಲ್ ಹಾಕಿಸಿದರೆ ಸಾಕು ಎನ್ನುತ್ತಾರೆ. ಟೈರುಗಳ ಟ್ರೆಡ್ ಹೊಸದರಂತೆಯೇ ಇದೆ. ಆರು ವಾರ ಸಮಯವಿದೆ, ಎರಡು ಲಕ್ಷದವರೆಗೆ ಖರ್ಚು ಮಾಡಬಲ್ಲೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಬೇರಿಂಗ್ ಅಲ್ಲ, "ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತಿತ್ತು" ಎಂಬ ಸಾಲು. ನಿಮ್ಮ ಗೆಳೆಯರು ಈ ಕಾರಿನ ಹೆಸರಾಂತ ರೋಗದ ಬಗ್ಗೆ ಮಾತನಾಡುತ್ತಿದ್ದಾರೆ, ನಿಮ್ಮ ಮೆಕ್ಯಾನಿಕ್ ಲಾರಿಯ ಅನುಭವವನ್ನು ಇದಕ್ಕೆ ಹಚ್ಚುತ್ತಿದ್ದಾರೆ. ಇಬ್ಬರ ಮಾತಿಗೂ ಒಂದೊಂದು ಹಿನ್ನೆಲೆ ಇದೆ, ಆದರೆ ನಿಮ್ಮನ್ನು ದಾರಿಯಲ್ಲಿ ನಿಲ್ಲಿಸಬಹುದಾದ ಸಂಗತಿಗಳು ಇಬ್ಬರ ಪಟ್ಟಿಯಲ್ಲೂ ಇಲ್ಲ. ಬಳ್ಳಾರಿಯಲ್ಲಿ ಗ್ಯಾರೇಜ್ ನಡೆಸುವವನಾಗಿ ಇಂಥ ಕಾರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಗಣಿಯ ದುಡ್ಡು ಹರಿಯುತ್ತಿದ್ದ ದಿನಗಳಲ್ಲಿ ಊರಿಗೆ ಬಂದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಹೊದಿಕೆ ಹೊದ್ದು ಮಲಗಿದ ಕಾರುಗಳು ಇಲ್ಲಿ ಒಂದೆರಡಲ್ಲ. ಅವುಗಳಲ್ಲಿ ಹೆಚ್ಚಿನವು ನನ್ನ ಬಳಿಗೆ ಬಂದದ್ದು ಓಡಿ ಸವೆದದ್ದರಿಂದಲ್ಲ, ನಿಂತು ಒಣಗಿದ್ದರಿಂದ.

ಮೊದಲು ಬೇರಿಂಗಿನ ವಿಷಯವನ್ನು ಮುಗಿಸಿಬಿಡೋಣ. ಈ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನಿಂದ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್‌ಗಳಿಗೆ ಚಲನೆ ಕೊಂಡೊಯ್ಯಲು ನಡುವೆ ಒಂದು ಶಾಫ್ಟ್ ಇದೆ. ಅದರ ಒಂದು ತುದಿಯನ್ನು ಹೊರುವ ಬೇರಿಂಗೇ ನಿಮ್ಮ ಗೆಳೆಯರು ಹೇಳುತ್ತಿರುವುದು. ಅದು ಒಡೆದರೆ ಚೈನಿನ ಲೆಕ್ಕ ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು, ಎಂಜಿನ್ ಪೂರ್ತಿ ಹಾಳಾಗುತ್ತದೆ ಎಂಬುದು ನಿಜ. ಆದರೆ ಇದು ಎಲ್ಲ ವರ್ಷದ ಕಾರುಗಳಿಗೂ ಒಂದೇ ತೂಕದ ಮಾತಲ್ಲ. ಹೆಚ್ಚು ದೂರು ಬಂದದ್ದು 2000ದ ಸುಮಾರಿನಿಂದ 2005ರವರೆಗಿನ ಎಂಜಿನ್ನುಗಳಲ್ಲಿ ಕೂರಿಸಿದ್ದ, ಒಂದೇ ಸಾಲು ಗುಂಡುಗಳ ಸಣ್ಣ ಬೇರಿಂಗಿನ ಬಗ್ಗೆ. ಅಮೆರಿಕದಲ್ಲಿ ನಡೆದು ರಾಜಿಯಾದ ಸಾಮೂಹಿಕ ಮೊಕದ್ದಮೆಯೂ 2001ರಿಂದ 2005ರ ನಡುವಿನ ಕಾರುಗಳಿಗೆ ಸಂಬಂಧಿಸಿದ್ದು. ಅದಾದ ಮೇಲೆ ಕಂಪನಿ ದೊಡ್ಡ ಬೇರಿಂಗ್ ಕೂರಿಸಿತು, 2009ರ ಎಂಜಿನ್ನಿನಲ್ಲಂತೂ ಆ ಶಾಫ್ಟನ್ನೇ ತೆಗೆದುಹಾಕಿತು. ನಿಮ್ಮದು 2007ರದ್ದು, ಅಂದರೆ ದೊಡ್ಡ ಬೇರಿಂಗಿನದು. ಅದು ಕೆಡುವುದೇ ಇಲ್ಲವೆಂದು ನಾನು ಹೇಳಲಾರೆ, ಆದರೆ ಬಹಳ ಅಪರೂಪ. ಅದಕ್ಕಿಂತ ಮುಖ್ಯವಾಗಿ, ಈ ದೊಡ್ಡ ಬೇರಿಂಗು ಅದು ಕೂತಿರುವ ಬಾಯಿಗಿಂತ ಅಗಲವಾಗಿರುವುದರಿಂದ ಎಂಜಿನ್ನಿನ ಹೊಟ್ಟೆಯನ್ನೇ ಎರಡು ಹೋಳು ಮಾಡದೆ ಹೊರಗೆ ಬರುವುದಿಲ್ಲ. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು, ಇಲ್ಲದಿರಬಹುದಾದ ದೋಷಕ್ಕಾಗಿ, ಪ್ರವಾಸಕ್ಕೆ ಆರು ವಾರ ಇರುವಾಗ ಬಿಚ್ಚಿಸುವುದು ನನ್ನ ಪ್ರಕಾರ ಬೇರಿಂಗಿಗಿಂತ ದೊಡ್ಡ ಅಪಾಯ.

ಅನುಮಾನ ಪರಿಹಾರಕ್ಕೆ ಅಗ್ಗದ ದಾರಿಯೊಂದಿದೆ. ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಗುಜರಿಗೆ ಎಸೆಯಲು ಬಿಡಬೇಡಿ. ಅದರೊಳಗಿನ ಮಡಿಕೆ ಮಡಿಕೆಯ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಸಿ, ಹಿಂಡಿ, ಬಿಳಿ ಪಂಚೆಯ ತುಂಡಿನ ಮೇಲೆ ಹರಡಿ, ಬಿಸಿಲಿನಲ್ಲಿ ಒಂದೊಂದು ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ ನೋಡಿ. ಮಡಿಕೆಯ ಬುಡದಲ್ಲಿ ಮಿಣುಕುವ ಚೂರುಗಳು ಕಂಡರೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಆಗ ಬೇರಿಂಗ್ ಅಥವಾ ಚೈನಿನ ಕಡೆ ನೋಡಬೇಕಾಗುತ್ತದೆ ಮತ್ತು ಪ್ರವಾಸ ಅಲ್ಲಿಗೆ ನಿಲ್ಲುತ್ತದೆ. ಅಂಟದೆ ಹೊಳೆದರೆ ಅಲ್ಯುಮಿನಿಯಂ, ಅದೂ ಒಳ್ಳೆಯ ಸುದ್ದಿಯಲ್ಲ. ಕಪ್ಪು ಅಥವಾ ಕಂದು ಪ್ಲಾಸ್ಟಿಕ್ಕಿನ ಸಣ್ಣ ಚೂರುಗಳು ಚೈನು ಜಾರುವ ಪಟ್ಟಿಯವು. ಒಂದೆರಡಿದ್ದರೆ ಈ ವಯಸ್ಸಿಗೆ ಸಹಜ. ಕಾಗದದಲ್ಲಿ ಕಪ್ಪು ಆಯಿಲ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಬೇರಿಂಗಿನ ಚಿಂತೆಯನ್ನು ಗೆಳೆಯರಿಗೇ ಬಿಡಿ. ಮುಂದೆ ಎಂದಾದರೂ ಕ್ಲಚ್ ಬದಲಿಸಲು ಗೇರ್ ಬಾಕ್ಸ್ ಇಳಿಸಿದಾಗ ಆ ಬೇರಿಂಗಿನ ಹೊರಗಿನ ಸೀಲನ್ನು ಕಿತ್ತು, ಎಂಜಿನ್ ಆಯಿಲ್ ಅದಕ್ಕೆ ತಾಗುವಂತೆ ಮಾಡಿಸಿಕೊಳ್ಳಬಹುದು. ಅದಕ್ಕೆಂದೇ ಈಗ ಗೇರ್ ಬಾಕ್ಸ್ ಇಳಿಸುವ ಅಗತ್ಯವಿಲ್ಲ.

ಇನ್ನು ಥರ್ಮೋಸ್ಟಾಟ್. ನಮ್ಮ ಕಡೆ ಬೇಸಿಗೆ ಬಂತೆಂದರೆ ಥರ್ಮೋಸ್ಟಾಟ್ ಕಿತ್ತೆಸೆಯುವುದು ಹಳೆಯ ಅಂಬಾಸಿಡರ್ ಕಾಲದಿಂದ ಬಂದ ಅಭ್ಯಾಸ, ಸಿಕ್ಕಿಕೊಂಡು ಕೆಟ್ಟುಹೋದ ಥರ್ಮೋಸ್ಟಾಟಿಗಿಂತ ಇಲ್ಲದಿರುವುದು ಮೇಲು ಎಂಬುದು ಅಂದಿನ ನ್ಯಾಯ. ನಿಮ್ಮ ಕಾರಿನಲ್ಲಿ ಆ ಬಿಡಿಭಾಗಕ್ಕೆ ಎರಡು ಕೆಲಸಗಳಿವೆ. ಎಂಜಿನ್ ಕಾದ ಮೇಲೆ ರೇಡಿಯೇಟರಿನ ದಾರಿಯನ್ನು ತೆರೆಯುವುದರ ಜೊತೆಗೆ, ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುವ ಒಳದಾರಿಯನ್ನು ಅದು ಮುಚ್ಚುತ್ತದೆ. ಕಿತ್ತುಹಾಕಿದರೆ ಒಳದಾರಿ ಸದಾ ತೆರೆದೇ ಇರುತ್ತದೆ, ಬಿಸಿ ಕೂಲೆಂಟಿನ ಒಂದು ಪಾಲು ತಣ್ಣಗಾಗದೆ ಮತ್ತೆ ಎಂಜಿನ್ನಿಗೇ ಹೋಗುತ್ತದೆ. ಬೆಳಗಿನ ತಂಪಿನಲ್ಲಿ ಎಂಜಿನ್ ಕಾಯುವುದೇ ಇಲ್ಲ, ಏರು ದಾರಿಯಲ್ಲಿ ಕಾದರೆ ತಣಿಯುವುದೇ ಇಲ್ಲ. ಹಳೆಯದಾಗಿದ್ದರೆ ಹೊಸದು ಹಾಕಿಸಿ, ತೆಗೆಸಬೇಡಿ. ಆಯಿಲ್ ವಿಷಯದಲ್ಲೂ ಹೀಗೆಯೇ. ಕಂಪನಿ ಹೇಳಿದ್ದು 0ಡಬ್ಲ್ಯೂ-40. ನಮ್ಮ ಹವೆಗೆ 5ಡಬ್ಲ್ಯೂ-40 ಹಾಕಿದರೂ ನನ್ನ ಆಕ್ಷೇಪವಿಲ್ಲ. 20ಡಬ್ಲ್ಯೂ-50 ಮಂದವಾದ್ದರಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನವರೆಗೆ ಬೇಗ ಏರುವುದಿಲ್ಲ, ಆಯಿಲ್ ಒತ್ತಡದಿಂದಲೇ ಕ್ಯಾಮ್ ಹೊಂದಿಸುವ ವ್ಯವಸ್ಥೆಗೂ ಅದು ಒಗ್ಗುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಈ ಕಾರಿನ ಎಂಜಿನ್ ನಿಮ್ಮ ಬೆನ್ನ ಹಿಂದೆ ಇದೆ, ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ, ಚಕ್ರಗಳ ಮುಂದೆ ಇವೆ. ನೆಲಕ್ಕೆ ಅಷ್ಟು ಹತ್ತಿರ ಬಾಯಿ ತೆರೆದುಕೊಂಡಿರುವುದರಿಂದ ರಸ್ತೆಯ ಮೇಲಿನದ್ದೆಲ್ಲ ಒಳಗೆ ಹೋಗುತ್ತದೆ. ಎ.ಸಿ.ಯ ಬಿಸಿ ಹೊರಹಾಕುವ ಜಾಲರಿ, ಅಂದರೆ ಕಂಡೆನ್ಸರ್, ಮುಂದೆ; ರೇಡಿಯೇಟರ್ ಹಿಂದೆ. ಎರಡರ ನಡುವಿನ ಸಂದಿಗೆ ಬಿದ್ದದ್ದು ಹೊರಗೆ ಬರುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಒಮ್ಮೆ ನಿಮ್ಮ ಸೀಮೆಯಿಂದಲೇ ಬಂದ ಇಂಥದೇ ಕಾರಿನ ಬಂಪರ್ ಬಿಚ್ಚಿದಾಗ ಎಡಗಡೆಯ ಸಂದಿಯಿಂದ ಎರಡು ಬೊಗಸೆ ಭತ್ತದ ಹೊಟ್ಟು ಉದುರಿತು, ಅದರ ಕೆಳಗೆ ಬೇವಿನೆಲೆ ಕೊಳೆತು ಕಪ್ಪು ಹಿಟ್ಟಾಗಿತ್ತು, ಅದರಡಿಯಲ್ಲಿ ಸಂಡೂರಿನ ಕಡೆಯ ಕೆಂಪು ಅದಿರು ಧೂಳು ಗಾರೆ ಮೆತ್ತಿದಂತೆ ಅಂಟಿತ್ತು. ಕಾರಿನ ಮೂರು ಊರುಗಳ ಇತಿಹಾಸವನ್ನು ಪದರ ಪದರವಾಗಿ ಓದಬಹುದಿತ್ತು. ಆ ಕಾರು ಊರೊಳಗೆ ಓಡಾಡುವಾಗ ಒಮ್ಮೆಯೂ ಕಾದಿರಲಿಲ್ಲ, ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದಾಗಲೇ ಮುಳ್ಳು ಏರಿತ್ತು. ನಿಮ್ಮ ಕಾರು ಬಳ್ಳಾರಿಯಲ್ಲಿದ್ದು ಈಗ ಅಕ್ಕಿ ಗಿರಣಿಯ ಅಂಗಳದಲ್ಲಿ ನಿಲ್ಲುತ್ತಿದೆ. ಆದ್ದರಿಂದ ಬಂಪರ್ ಬಿಚ್ಚಿಸಿ, ಕಂಡೆನ್ಸರುಗಳನ್ನು ಸಡಿಲಿಸಿ, ಸಂದಿಯನ್ನು ಬ್ರಷ್ಷಿನಿಂದಲೂ ಮೆತ್ತನೆಯ ನೀರಿನಿಂದಲೂ ತೊಳೆಸುವುದೇ ನಿಮ್ಮ ಪ್ರವಾಸದ ಮೊದಲ ಕೆಲಸವಾಗಲಿ. ವಾಟರ್ ಸರ್ವೀಸಿನ ಜೋರು ಪೈಪು ಹಿಡಿಸಬೇಡಿ, ಅದರ ಹೊಡೆತಕ್ಕೆ ತಗಡಿನ ಎಸಳುಗಳು ಮಲಗಿಬಿಡುತ್ತವೆ. ಬಂಪರ್ ಬಿಚ್ಚಿದ್ದಾಗಲೇ ಎ.ಸಿ. ಹಾಕಿ ಎರಡೂ ಫ್ಯಾನ್ ಸಣ್ಣ ವೇಗದಲ್ಲಿ ತಿರುಗುತ್ತವೆಯೇ ನೋಡಿ. ಸಣ್ಣ ವೇಗಕ್ಕೆಂದು ಇರುವ ರೆಸಿಸ್ಟರ್ ಸುಟ್ಟುಹೋಗಿರುವುದು ಈ ಕಾರುಗಳಲ್ಲಿ ಸಾಮಾನ್ಯ. ಆಗ ಫ್ಯಾನ್ ಎಂಜಿನ್ ಚೆನ್ನಾಗಿ ಕಾದ ಮೇಲೆ ಮಾತ್ರ, ಅದೂ ಪೂರ್ತಿ ವೇಗದಲ್ಲಿ, ಒಮ್ಮೆಲೇ ಎದ್ದು ಕೂಗುತ್ತದೆ.

ಕೂಲೆಂಟನ್ನು ಪೂರ್ತಿ ಬದಲಿಸಿ. ಮುಂದಿನಿಂದ ಹಿಂದಿನವರೆಗೆ ಉದ್ದದ ಪೈಪುಗಳಿರುವುದರಿಂದ ಈ ಕಾರು ಇಪ್ಪತ್ತು ಲೀಟರಿನಷ್ಟು ಕೂಲೆಂಟ್ ಹಿಡಿಯುತ್ತದೆ. ಅಷ್ಟು ದುಬಾರಿ ದ್ರವವೇ ಎಂದು ಯಾರಾದರೂ ಕೊಳವೆಬಾವಿ ನೀರು ಬೆರೆಸಲು ಹೇಳಿದರೆ ಕೇಳಬೇಡಿ. ಕೊಪ್ಪಳ, ರಾಯಚೂರು ಸೀಮೆಯ ಗಡಸು ನೀರು ಮನೆಯ ಗೀಸರಿನ ಕಾಯಿಲಿಗೆ ಏನು ಮಾಡುತ್ತದೆಂಬುದನ್ನು ನೀವು ನೋಡಿರುತ್ತೀರಿ, ರೇಡಿಯೇಟರಿನ ಸಣ್ಣ ನಾಳಗಳಿಗೂ ಅದನ್ನೇ ಮಾಡುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಸಮಪಾಲು ಬೆರೆಸಬೇಕು, ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ವ್ಯಾಕ್ಯೂಮ್ ಉಪಕರಣದಿಂದ ತುಂಬಬೇಕು. ಈ ಉಪಕರಣ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸದಿರುವುದೇ ಒಳ್ಳೆಯದು. ಹಳೆಯದನ್ನು ಇಳಿಸಿದಾಗಲೇ ವಾಟರ್ ಪಂಪ್ ಬದಲಿಸಿಬಿಡಿ. ಹದಿನೆಂಟು ವರ್ಷ ದಾಟಿದ ಪ್ಲಾಸ್ಟಿಕ್ ರೆಕ್ಕೆಯ ಪಂಪು ಮುರಿದರೆ ಚೂರುಗಳು ಎಂಜಿನ್ನಿನ ಒಳಗೇ ಸುತ್ತುತ್ತವೆ. ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸಿಹಿ ವಾಸನೆ ಅಥವಾ ಒದ್ದೆ ಇದ್ದರೆ ಕೂಲೆಂಟ್ ಟ್ಯಾಂಕ್ ಸೀಳಿದೆ ಎಂದರ್ಥ. ಬೆಲ್ಟು, ಹೋಸ್ ಪೈಪುಗಳು, ಪೆಟ್ರೋಲ್ ಪೈಪುಗಳು, ಇವುಗಳನ್ನು ಕೈಯಲ್ಲಿ ಬಗ್ಗಿಸಿ ನೋಡಬೇಕೇ ಹೊರತು ಕಣ್ಣಿನಿಂದಲ್ಲ. ನಿಂತ ಕಾರಿನ ರಬ್ಬರು ಮೇಲೆ ಕಪ್ಪಗೆ ಹೊಳೆಯುತ್ತಾ ಇದ್ದು ಬಗ್ಗಿಸಿದಲ್ಲಿ ಬಿರುಕು ಬಿಡುತ್ತದೆ.

ಪೆಟ್ರೋಲ್ ಪೈಪಿನ ಮಾತಿಗೆ ಇನ್ನೊಂದು ಕಾರಣವೂ ಇದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, 2007ರ ಕಾರನ್ನು ಅದಕ್ಕೆಂದು ಕಟ್ಟಿದ್ದಲ್ಲ. ಅದನ್ನು ಹಾಕಿದ ಕೂಡಲೇ ಎಂಜಿನ್ ಹಾಳಾಗುತ್ತದೆಂದು ಕೆಲವರು ಹಬ್ಬಿಸುವ ಸುದ್ದಿ ಸುಳ್ಳು. ನಿಜವಾದ ತೊಂದರೆ ನಿಧಾನದ್ದು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ ಮತ್ತು ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ಓಡುವ ಕಾರಿಗಿಂತ ನಿಲ್ಲುವ ಕಾರಿಗೆ ಅದರಿಂದ ಹೆಚ್ಚು ಕೇಡು. ಎಂಜಿನ್ ಬಳಿ ಪೆಟ್ರೋಲ್ ವಾಸನೆ ಬಂದರೆ ಆ ಪೈಪುಗಳನ್ನು ಬದಲಿಸದೆ ಹೊರಡಬೇಡಿ, ಪ್ರವಾಸದಿಂದ ಬಂದ ಮೇಲೆ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

"ಟೈರುಗಳ ಟ್ರೆಡ್ ಹೊಸದರಂತೆಯೇ ಇದೆ" ಎಂದಿದ್ದೀರಿ. ದಯವಿಟ್ಟು ಟೈರಿನ ಪಕ್ಕದಲ್ಲಿ ಒಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳನ್ನು ಹುಡುಕಿ. 3815 ಎಂದಿದ್ದರೆ ಅದು 2015ರ 38ನೇ ವಾರದಲ್ಲಿ ತಯಾರಾದ ಟೈರು. ಕೊನೆಯ ಎರಡು ಅಂಕಿಗಳ ಪ್ರಕಾರ ಟೈರಿಗೆ ಆರೇಳು ವರ್ಷ ಮೀರಿದ್ದರೆ, ಟ್ರೆಡ್ ಎಷ್ಟೇ ಆಳವಿದ್ದರೂ ನಾಲ್ಕನ್ನೂ ಬದಲಿಸಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ನಾಲ್ಕು ವರ್ಷ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ಟೈರು ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಒಳಗಿನಿಂದ ಕಾದು ಪದರ ಬಿಚ್ಚಿಕೊಂಡರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಈ ಕಾರಿಗೆ ಮುಂದಿನ ಟೈರೇ ಬೇರೆ, ಹಿಂದಿನ ಟೈರೇ ಬೇರೆ. 17 ಇಂಚಿನ ಚಕ್ರವಾಗಿದ್ದರೆ ಮುಂದೆ 205/55, ಹಿಂದೆ 235/50. ಹಿಂದಿನ ಅಳತೆ ಗಂಗಾವತಿ, ಕೊಪ್ಪಳದ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ, ಆದ್ದರಿಂದ ಇಂದೇ ಹೇಳಿಡಿ. ಇನ್ನೊಂದು ಮಾತು, ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಕಂಪನಿ ಕೊಟ್ಟ ಪಂಕ್ಚರ್ ದ್ರಾವಣದ ಬಾಟಲಿಯ ಅವಧಿ ಎಂದೋ ಮುಗಿದಿರುತ್ತದೆ. ಟ್ಯೂಬ್‌ಲೆಸ್ ಪಂಕ್ಚರ್ ಪಟ್ಟಿಗಳ ಕಿಟ್ಟು, 12 ವೋಲ್ಟಿನ ಗಾಳಿ ಪಂಪು ಎರಡನ್ನೂ ಒಯ್ಯಿರಿ ಮತ್ತು ಮನೆಯಂಗಳದಲ್ಲೇ ಒಮ್ಮೆ ಬಳಸಿ ಕಲಿತುಕೊಳ್ಳಿ.

ಬ್ರೇಕ್ ಆಯಿಲ್ ವಿಷಯದಲ್ಲಿ ನಿಮ್ಮ ದಾರಿಯೇ ಉತ್ತರ ಹೇಳುತ್ತದೆ. ಹುಬ್ಬಳ್ಳಿ ದಾಟಿ ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವಾಗ ಅರಬೈಲು ಘಟ್ಟವಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯದೆ ತಡೆಯುತ್ತದೆ, ತೇವ ಹೀರಿಕೊಂಡಾಗ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತದೆ. ಲಾರಿಯ ಹಿಂದೆ ಬ್ರೇಕ್ ಒತ್ತುತ್ತಲೇ ಇಳಿದರೆ ಅದು ಕುದಿದು ಗುಳ್ಳೆ ಕಟ್ಟುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ. ಆಯಿಲ್ ಬದಲಿಸಿ, ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರುಗಳ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿಲ್ಲವೆಂದು ಪರೀಕ್ಷಿಸಿ, ಘಟ್ಟವನ್ನು ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ.

ದೀಪಾವಳಿಯ ನಂತರ ಎಂದರೆ ತಮಿಳುನಾಡಿನಲ್ಲಿ, ತೆಂಕಣ ಕೇರಳದಲ್ಲಿ ಹಿಂಗಾರು ಮಳೆ. ಬಟ್ಟೆಯ ಛಾವಣಿಯ ನೀರು ಹರಿದುಹೋಗಲು ಆಸನಗಳ ಹಿಂದೆ ಎರಡೂ ಬದಿಗೆ ಸಣ್ಣ ತೂತುಗಳಿವೆ, ಅವೂ ಹೊಟ್ಟು ಎಲೆಗಳಿಂದ ಮುಚ್ಚಿರುತ್ತವೆ. ಮುಚ್ಚಿದರೆ ನೀರು ಒಳಗಿಳಿದು ಆಸನದ ಕೆಳಗಿರುವ ಅಲಾರ್ಮ್ ಮತ್ತು ಬೀಗದ ನಿಯಂತ್ರಣ ಪೆಟ್ಟಿಗೆಯನ್ನು ನೆನೆಸುತ್ತದೆ, ಆಮೇಲೆ ಕಾರು ತನ್ನ ಒಡೆಯನನ್ನೇ ಗುರುತಿಸುವುದಿಲ್ಲ. ಛಾವಣಿ ಮುಚ್ಚಿ ಒಂದು ಚೊಂಬು ನೀರನ್ನು ಆ ಮೂಲೆಗೆ ನಿಧಾನವಾಗಿ ಸುರಿದು, ಅದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಸುರಿಯುತ್ತದೆಯೇ ನೋಡಿದರೆ ಸಾಕು. ಆರು ಇಗ್ನಿಷನ್ ಕಾಯಿಲ್‌ಗಳೂ ಎಂಜಿನ್ನಿನ ಕೆಳಬದಿಯಲ್ಲಿ ರಸ್ತೆಯ ನೀರಿಗೆ ತೆರೆದುಕೊಂಡಿವೆ. ಸೀಳಿದವು ಮಳೆಯಲ್ಲಿ ಮಿಸ್ ಹೊಡೆಯುತ್ತವೆ.

ಬ್ಯಾಟರಿಯನ್ನು ಲೋಡ್ ಪರೀಕ್ಷೆ ಮಾಡಿಸಿ. ಆರ್.ಸಿ.ಗೆ ಹದಿನೈದು ವರ್ಷ ಮುಗಿದಿರುವುದರಿಂದ ನವೀಕರಣವಾಗಿದೆಯೇ, ಬಳ್ಳಾರಿಯ (ಕೆಎ 34) ಹಳೆಯ ಮಾಲೀಕರಿಂದ ನಿಮ್ಮ ಹೆಸರಿಗೆ ವರ್ಗವಾಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ವಿಮೆ ಕ್ಲೇಮಿಗೆ ತಕರಾರು ಬರುತ್ತದೆ.

ದೂರದ ರಸ್ತೆಗಿಂತ ಮೊದಲ ಐವತ್ತು ಕಿಲೋಮೀಟರಿನ ಬಗ್ಗೆ ಒಂದು ಎಚ್ಚರಿಕೆ. ನೀವು ಹೊರಡುವ ಹೊತ್ತಿಗೆ ನಮ್ಮ ತುಂಗಭದ್ರಾ ಎಡದಂಡೆ, ಬಲದಂಡೆಗಳಲ್ಲಿ ಭತ್ತದ ಕಟಾವು ನಡೆದಿರುತ್ತದೆ, ರಸ್ತೆಯ ಮೇಲೆ ಹುಲ್ಲು ಬಿದ್ದಿರುತ್ತದೆ, ಕೆಲವೆಡೆ ಒಕ್ಕಣೆಗೆ ಹರಡಿರುತ್ತಾರೆ. ಎತ್ತರದ ಜೀಪಿಗೆ ಅದು ತೊಂದರೆಯಲ್ಲ. ನಿಮ್ಮ ಕಾರಿನ ಹೊಟ್ಟೆ ಅದನ್ನು ಬಾಚಿಕೊಂಡು ಹೋಗುತ್ತದೆ, ಒಣಹುಲ್ಲು ಸೈಲೆನ್ಸರಿನ ಕಾದ ಕ್ಯಾಟಲಿಟಿಕ್ ಕನ್ವರ್ಟರಿಗೆ ತಾಗಿದರೆ ಬೆಂಕಿ ಹಿಡಿಯಬಹುದು. ಹುಲ್ಲಿನ ಮೇಲೆ ಓಡಿಸುವ ಬದಲು ಸುತ್ತು ಹಾಕಿದರೂ ಪರವಾಗಿಲ್ಲ. ದಾಟಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ ಬಗ್ಗಿ ನೋಡಿ.

ಹಾಗಾದರೆ ಏನು ಮಾಡಬೇಕು? ಇಡೀ ಸುತ್ತು ಸುಮಾರು 2,300 ಕಿ.ಮೀ. ಆಗುತ್ತದೆ. ಆರು ವಾರದಲ್ಲಿ ಎಲ್ಲವನ್ನೂ ಮುಗಿಸಿ ಹೊರಡುವುದು ಅಸಾಧ್ಯವಲ್ಲ, ಆದರೆ ಪಂಪು, ಟ್ಯಾಂಕು, ಥರ್ಮೋಸ್ಟಾಟ್‌ಗಳು ಹೊರಗಿನಿಂದ ಬರಬೇಕಾಗಿರುವುದರಿಂದ ಕೊನೆಯ ವಾರದಲ್ಲಿ ಜೋಡಿಸಿ, ಪರೀಕ್ಷಿಸದೆ ಹೊರಡುವ ಅಪಾಯವಿದೆ. ಹೊಸದಾಗಿ ಜೋಡಿಸಿದ ಕ್ಲಿಪ್ಪು ಸಡಿಲಾಗುವುದು ಮೊದಲ ಇನ್ನೂರು ಕಿಲೋಮೀಟರಿನಲ್ಲೇ. ಎರಡನೆಯ ದಾರಿಯೆಂದರೆ ಈ ಬಾರಿ ಗೋಕರ್ಣ, ಮಂಗಳೂರಿನವರೆಗೆ ಮಾತ್ರ ಹೋಗಿ ಬರುವುದು. ಏನಾದರೂ ಆದರೆ ಫ್ಲಾಟ್‌ಬೆಡ್ ಗಾಡಿಯಲ್ಲಿ ಒಂದು ದಿನದೊಳಗೆ ಊರಿಗೆ ತರಬಹುದು. ಈ ಕಾರನ್ನು ಹಗ್ಗ ಕಟ್ಟಿ ದೂರ ಎಳೆಸುವುದು ಒಳ್ಳೆಯದಲ್ಲ. ಮೂರನೆಯದು, ನನಗೆ ಸರಿಯೆನಿಸುವುದು, ಇಡೀ ಪ್ರವಾಸವನ್ನು ಜನವರಿ ಕೊನೆಗೆ ತಳ್ಳುವುದು. ಆಗ ತಮಿಳುನಾಡಿನ ಮಳೆ ನಿಂತಿರುತ್ತದೆ, ನಮ್ಮ ರಸ್ತೆಗಳ ಹುಲ್ಲು ಬಣವೆ ಸೇರಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಎರಡು ಲಕ್ಷದಲ್ಲಿ ಟೈರು, ಕೂಲಿಂಗ್ ವ್ಯವಸ್ಥೆ, ಆಯಿಲುಗಳಿಗೆ ಮೊದಲ ಪಾಲು ಕೊಡಿ, ಮೂರರಲ್ಲೊಂದು ಭಾಗವನ್ನು ದಾರಿ ಖರ್ಚಿಗೆಂದು ಮುಟ್ಟದೆ ಇಡಿ. ಪಾಲಿಶ್, ಹೊಸ ಸ್ಪೀಕರ್ ಇವಕ್ಕೆ ಈಗ ಒಂದು ರೂಪಾಯಿಯೂ ಬೇಡ.

ಯಾವ ದಾರಿ ಹಿಡಿದರೂ ಹೊರಡುವ ಎರಡು ವಾರ ಮುಂಚೆ ಒಂದು ದಿನ, ಹೊಸಪೇಟೆ ಮೇಲೆ ಚಿತ್ರದುರ್ಗಕ್ಕೆ ಹೋಗಿ ಅಂದೇ ಮರಳಿ; ಸುಮಾರು 350 ಕಿ.ಮೀ. ಆಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲೇ ಹೋಗಿ, ಎ.ಸಿ. ಹಾಕಿಯೇ ಇರಿ, ಮರಳುವಾಗ ಬೇಕೆಂದೇ ಹೊಸಪೇಟೆ ಊರೊಳಗಿನ ಸಂಜೆಯ ದಟ್ಟಣೆಯಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡು ಟೆಂಪರೇಚರ್ ಮುಳ್ಳು ದಿನದ ಜಾಗ ಬಿಟ್ಟು ಕದಲುತ್ತದೆಯೇ ನೋಡಿ. ಮನೆಗೆ ಬಂದು ಎಂಜಿನ್ ಆರಿಸಿ, ಹಳೆಯ ರಟ್ಟಿನ ಹಾಳೆಗಳನ್ನು ಕಾರಿನ ಕೆಳಗೆ ಉದ್ದಕ್ಕೂ ಹಾಸಿಟ್ಟು, ನೀವು ಹೋಗಿ ಮಲಗಿ. ಬೆಳಿಗ್ಗೆ ರಟ್ಟಿನ ಮೇಲೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣದ್ದು, ಮೂಸಿದರೆ ಏನು ವಾಸನೆ ಎಂದು ಬರೆದಿಟ್ಟು, ಫಿಲ್ಟರಿನ ಮಡಿಕೆಗಳ ಫೋಟೊ ಮತ್ತು ನಾಲ್ಕು ಟೈರುಗಳ ಅಂಕಿಗಳೊಂದಿಗೆ ನನಗೆ ಕಳಿಸಿ. ಕೊಚ್ಚಿಯಲ್ಲಿ ರೂಮು ಬುಕ್ ಮಾಡುವುದನ್ನು ಅಲ್ಲಿಯವರೆಗೆ ತಡೆದಿಡಿ.